ಡಿಸ್ಚಾರ್ಜ್ ಬುಕ್ಕಿನ ಆ ಸಾಲು ಕನ್ನಡದಲ್ಲಿ ಯಾಕಿಲ್ಲ?

ಮಾನ್ಯ ಸಂಪಾದಕರೇ,

ಪ್ರತಿ ವರ್ಷ ಜುಲೈ 26 ಹತ್ತಿರ ಬಂತೆಂದರೆ ನನಗೆ ಒಂದು ಫೋನ್ ಬರುತ್ತದೆ. ನಮ್ಮೂರ ಹೈಸ್ಕೂಲಿನ ಹೆಡ್ ಮಾಸ್ತರರದು. "ಕಾರ್ಗಿಲ್ ವಿಜಯ ದಿವಸ ಇಟ್ಟೀವ್ರಿ, ಮಾಜಿ ಸೈನಿಕರಿಗೆ ಶಾಲು ಹೊದಿಸೂದೈತಿ, ನೀವು ಬರಾಕ ಬೇಕು. ಬರೂ ಮುಂದ ನಿಮ್ಮ ಐಡಿ ಕಾರ್ಡಿಂದು ಒಂದು ಜೆರಾಕ್ಸ್ ತಗೊಂಡ್ ಬರ್ರಿ, ಫೈಲಿಗೆ ಬೇಕು." ಪಾಪ, ಅವರ ತಪ್ಪೇನೂ ಇಲ್ಲ. ನಾನು ಅವತ್ತು ಡ್ಯೂಟಿ ಇದೆ ಎನ್ನುತ್ತೇನೆ. ಮೂರು ವರ್ಷದಿಂದ ಅದೇ ಉತ್ತರ. ಈ ಸಲ ಅವರು "ಏನ್ರೀ ಮಿಲ್ಟ್ರಿ ಕಾಕಾ, ನಿಮ್ಮ ಡ್ಯೂಟಿ ಕರೆಕ್ಟ್ ಇಪ್ಪತ್ತಾರಕ್ಕ ಬರ್ತೈತಲ್ರೀ" ಎಂದು ನಕ್ಕರು. ನಾನೂ ನಕ್ಕೆ. ಫೋನ್ ಇಟ್ಟ ಮೇಲೆ ಈ ಪತ್ರ ಬರೆಯಲು ಕೂತೆ.

ವಿಷಯ ಇಷ್ಟೇ. ನನ್ನ ಹತ್ತಿರ ಆ ಐಡಿ ಕಾರ್ಡ್ ಇಲ್ಲ. ಸಿಗುವುದೂ ಇಲ್ಲ. ನಾನು ಸೈನಿಕನಾಗಿದ್ದೆ, ಆದರೆ ಕಾಗದದ ಲೆಕ್ಕದಲ್ಲಿ ನಾನು ಮಾಜಿ ಸೈನಿಕ ಅಲ್ಲ.

ನಾನು ಬ್ಯಾಡಗಿ ತಾಲ್ಲೂಕಿನವನು. 1993ರಲ್ಲಿ, ಹತ್ತೊಂಬತ್ತು ವರ್ಷದವನಿದ್ದಾಗ, ಆರ್ಟಿಲರಿಗೆ, ಅಂದರೆ ಸೇನೆಯ ತೋಪಿನ ಪಡೆಗೆ, ಗನ್ನರ್ ಆಗಿ ಸೇರಿದೆ. ಯಾವ ರೆಜಿಮೆಂಟ್ ಎಂದು ಹೇಳುವುದಿಲ್ಲ, ಅದರ ಮೇಲೆ ನನಗೆ ಇವತ್ತಿಗೂ ಸಿಟ್ಟಿಲ್ಲ, ಅಲ್ಲಿನ ಉಪ್ಪು ತಿಂದಿದ್ದೇನೆ. 2006ರಲ್ಲಿ ಮನೆಗೆ ಕಳಿಸಿದರು. 13 ವರ್ಷ 2 ತಿಂಗಳು ಆಗಿತ್ತು. ಸಿಪಾಯಿಗೆ ಪೆನ್ಶನ್ ಸಿಗಬೇಕೆಂದರೆ 15 ವರ್ಷ ಸರ್ವಿಸ್ ಆಗಬೇಕು. ಒಂದು ವರ್ಷದವರೆಗಿನ ಕೊರತೆಯನ್ನು ಮನ್ನಾ ಮಾಡಲು ನಿಯಮದಲ್ಲಿ ದಾರಿ ಇದೆ, ನನ್ನದು ಒಂದು ವರ್ಷ ಹತ್ತು ತಿಂಗಳು ಕಡಿಮೆ. ಅದೃಷ್ಟ ಕೆಟ್ಟರೆ ಹಿಂಗೇ, ಬಸ್ಸು ಹೋಗಿ ಹತ್ತು ನಿಮಿಷಕ್ಕೆ ಸ್ಟ್ಯಾಂಡಿಗೆ ಬಂದವರ ಹಾಗೆ.

ಮನೆಗೆ ಬರುವಾಗ ತಂದದ್ದು ಒಂದು ಕಪ್ಪು ಟ್ರಂಕು. ಮುಚ್ಚಳದ ಮೇಲೆ ಬಿಳಿ ಪೇಂಟಿನಲ್ಲಿ ನನ್ನ ನಂಬರ್, ರ‍್ಯಾಂಕ್, ಹೆಸರು. ಈಗ ಅದರಲ್ಲಿ ಹೆಂಡತಿ ಬೇವಿನೆಲೆ ಹಾಕಿ ಜೋಳ ಇಡುತ್ತಾಳೆ. ಜೋಳದ ಕೆಳಗೆ ಒಂದು ಪ್ಲಾಸ್ಟಿಕ್ ಚೀಲ, ಚೀಲದಲ್ಲಿ ಡಿಸ್ಚಾರ್ಜ್ ಬುಕ್ಕು. ಅದರಲ್ಲಿ ಸೇವೆ ಮುಗಿದ ಕಾರಣ ಬರೆಯುವ ಜಾಗದಲ್ಲಿ ಇಂಗ್ಲಿಷಿನಲ್ಲಿ ಟೈಪ್ ಮಾಡಿದ ಒಂದು ಸಾಲು ಇದೆ. 'ಸರ್ವಿಸಸ್ ನೋ ಲಾಂಗರ್ ರಿಕ್ವೈರ್ಡ್.' ನಾನು ಕನ್ನಡ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿ ಓದಿದವನು. ಸೇವೆ ಇನ್ನು ಬೇಕಾಗಿಲ್ಲ ಎಂದು ಅರ್ಥ ಮಾಡಿಕೊಂಡೆ. ಕೆಲಸ ಮುಗಿಯಿತು, ಹೋಗಪ್ಪಾ ಎಂದ ಹಾಗೆ. ಅದರಲ್ಲಿ ಅವಮಾನ ಇದೆ ಅಂತ ನನಗೆ ಹೊಳೆಯಲೇ ಇಲ್ಲ. ಹೊಳೆದದ್ದು ಎಂಟು ತಿಂಗಳಾದ ಮೇಲೆ, ಮಾಜಿ ಸೈನಿಕರ ಕೋಟಾದಲ್ಲಿ ಒಂದು ಕೆಲಸಕ್ಕೆ ಅರ್ಜಿ ಹಾಕಲು ಹೋದಾಗ. ಕೌಂಟರಿನಲ್ಲಿದ್ದವರು ಆ ಪುಟ ನೋಡಿ, ಬುಕ್ಕು ಮುಚ್ಚಿ, ನನ್ನ ಕಡೆ ಸರಿಸಿದರು. "ಇದು ಡಿಸಿಪ್ಲಿನ್ ಕೇಸ್ ಐತ್ರೀ. ನೀವು ಎಕ್ಸ್ ಸರ್ವಿಸ್‌ಮನ್ ಲೆಕ್ಕಕ್ಕ ಬರೂದಿಲ್ಲ." ಹಿಂದೆ ನಾಲ್ಕು ಜನ ಸಾಲಿನಲ್ಲಿ ನಿಂತಿದ್ದರು. ಎಲ್ಲರಿಗೂ ಕೇಳಿಸಿತು.

ನಿಯಮವೂ ಹಾಗೇ ಇದೆ. ಶಿಸ್ತು ತಪ್ಪಿದ್ದಕ್ಕೆ ಅಥವಾ ಕೆಲಸಕ್ಕೆ ಬಾರದವನು ಎಂದು ಹೊರಗೆ ಹಾಕಿದವನನ್ನು ಕೇಂದ್ರ ಸರ್ಕಾರ ಮಾಜಿ ಸೈನಿಕ ಎಂದು ಲೆಕ್ಕ ಹಿಡಿಯುವುದಿಲ್ಲ. ಹಾಗಾಗಿ ಐಡಿ ಕಾರ್ಡ್ ಇಲ್ಲ, ಕ್ಯಾಂಟೀನ್ ಇಲ್ಲ, ಆಸ್ಪತ್ರೆಯ ಕಾರ್ಡ್ ಇಲ್ಲ, ನೌಕರಿಯಲ್ಲಿ ಮೀಸಲಾತಿ ಇಲ್ಲ. ಈಗ ನಾನು ಬ್ಯಾಡಗಿಯಲ್ಲಿ ಮೆಣಸಿನಕಾಯಿ ಇಡುವ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ರಾತ್ರಿ ವಾಚ್‌ಮನ್. ಮಾಜಿ ಸೈನಿಕ ಎಂದು ಕಾರ್ಡ್ ತೋರಿಸಿದವರಿಗೆ ಪಗಾರ ಬೇರೆ, ನನಗೆ ಬೇರೆ. ಕಾರ್ಗಿಲ್ ಯುದ್ಧದಲ್ಲಿ ತಿಂದ ದ್ರಾಸ್‌ನ ಚಳಿ ಸಾಲದಾಗಿತ್ತು ಅಂತ ಕಾಣುತ್ತದೆ, ದೇವರು ಮತ್ತೆ ಥಂಡಿ ಗೋಡೌನಿಗೇ ತಂದು ನಿಲ್ಲಿಸಿದ.

ಇನ್ನು ನನ್ನ ತಪ್ಪು. ಅದನ್ನು ಮುಚ್ಚಿಟ್ಟು ಬರೆದರೆ ಈ ಪತ್ರಕ್ಕೆ ಬೆಲೆ ಇಲ್ಲ. ಮಿಲಿಟರಿಯಲ್ಲಿ ಸಣ್ಣ ಶಿಕ್ಷೆಯನ್ನು ಕಂಡಕ್ಟ್ ಶೀಟಿನಲ್ಲಿ ಕಪ್ಪು ಶಾಯಿಯಲ್ಲಿ ಬರೆಯುತ್ತಾರೆ, ದೊಡ್ಡದನ್ನು ಕೆಂಪು ಶಾಯಿಯಲ್ಲಿ. ರೆಡ್ ಇಂಕ್ ಎಂಟ್ರಿ ಎನ್ನುತ್ತಾರೆ. ನಾಲ್ಕು ಕೆಂಪು ಆದವನು ಮನೆಗೆ ಹೋಗಲು ತಯಾರಾಗಬೇಕು ಎಂಬುದು ಬ್ಯಾರಕ್ಕಿನ ಮಾತು. ನನಗೆ ನಾಲ್ಕು ಆದವು.

ಮೊದಲನೆಯದು 1996. ತಂಗಿಯ ಮದುವೆಗೆ ಬಂದವನು 11 ದಿನ ತಡವಾಗಿ ಹೋದೆ. ಇದಕ್ಕೆ ನೆಪ ಇಲ್ಲ, ಹುಡುಗಾಟ. ಎರಡನೆಯದು 2000, ಕುಡಿದು ಬ್ಯಾರಕ್ಕಿನ ಲೈನಿನಲ್ಲಿ ಜಗಳ. ಅದರ ಕಥೆ ಆಮೇಲೆ ಹೇಳುತ್ತೇನೆ. ಮೂರನೆಯದು 2003. ನಮ್ಮ ಕಡೆ ಸಾಲು ಸಾಲು ಬರಗಾಲ, ಬೋರ್‌ವೆಲ್ ಸಾಲ, ಅದರ ಮೇಲೆ ಅವ್ವನಿಗೆ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಆಪರೇಷನ್. ಅಪ್ಪ ಮೊದಲೇ ಹೋಗಿದ್ದ. ತಮ್ಮ ಸಣ್ಣವನು. ರಜೆ ಮುಗಿಯುವ ಎರಡು ದಿನ ಮುಂಚೆ ಹಾವೇರಿಗೆ ಹೋಗಿ ಎಕ್ಸ್‌ಟೆನ್ಶನ್ ಕೇಳಿ ಟೆಲಿಗ್ರಾಮ್ ಮಾಡಿದೆ. ಉತ್ತರ ಬರಲಿಲ್ಲ. ಬರಲಿಲ್ಲ ಎಂದರೆ ಹೊರಡಬೇಕಿತ್ತು, ಅವ್ವನ ಹೊಲಿಗೆ ಬಿಚ್ಚುವವರೆಗೆ ನಿಂತೆ. 32 ದಿನ. ನಾಲ್ಕನೆಯದು 2005, ಮತ್ತೆ ರಜೆ ಮೀರಿದ್ದು, 19 ದಿನ.

ಆ ಟೆಲಿಗ್ರಾಮಿನ ರಸೀದಿ ಇನ್ನೂ ನನ್ನ ಹತ್ತಿರ ಇದೆ. ಅಂಗೈಯಷ್ಟು ಕಾಗದ, ಮಡಚಿದ ಜಾಗದಲ್ಲಿ ಹರಿದಿತ್ತು, ಹಿಂದೆ ಸೆಲ್ಲೋಟೇಪ್ ಹಚ್ಚಿದ್ದೇನೆ, ಟೇಪೇ ಹಳದಿಯಾಗಿ ಹೋಗಿದೆ. ಮುದ್ರೆಯಲ್ಲಿ ತಾರೀಖು ಮಾತ್ರ ಕಾಣುತ್ತದೆ. ದೇಶದಲ್ಲಿ ಟೆಲಿಗ್ರಾಮ್ ಎಂಬುದೇ 2013ರ ಜುಲೈನಲ್ಲಿ ನಿಂತುಹೋಯಿತು. ನನ್ನ ವಕೀಲ ಹುಡುಗ ಇದನ್ನು ಕೈಯಲ್ಲಿ ಹಿಡಿದು "ಕಾಕಾ, ನಾ ಇದನ್ನ ನೋಡೇ ಇರಲಿಲ್ಲ ನೋಡ್ರಿ" ಎಂದ.

ಶಿಕ್ಷೆ ಕೊಡುವ ಪದ್ಧತಿ ಹೊರಗಿನವರಿಗೆ ಗೊತ್ತಿರಲಿಕ್ಕಿಲ್ಲ. ಸಿ.ಓ. ಸಾಹೇಬರ, ಅಂದರೆ ಕಮಾಂಡಿಂಗ್ ಆಫೀಸರರ, ಆಫೀಸಿನ ಹೊರಗೆ ನಿಲ್ಲಿಸುತ್ತಾರೆ. ಟೋಪಿ ತೆಗೆ, ಬೆಲ್ಟ್ ತೆಗೆ ಎನ್ನುತ್ತಾರೆ. ಟೋಪಿ, ಬೆಲ್ಟ್ ಇಲ್ಲದ ಸಿಪಾಯಿ ಸಿಪಾಯಿಯ ಹಾಗೆ ಕಾಣುವುದಿಲ್ಲ, ಅದು ಅಲ್ಲಿಂದಲೇ ಶುರು. ಮಾರ್ಚ್ ಮಾಡಿಸಿ ಒಳಗೆ ಒಯ್ಯುತ್ತಾರೆ. ಆರೋಪ ಓದುತ್ತಾರೆ. ತಪ್ಪು ಒಪ್ಪಿದೆಯಾ? ಒಪ್ಪಿದೆ ಸಾಹೇಬ್. 14 ದಿನ. ಎಡಕ್ಕೆ ತಿರುಗು, ಹೊರಗೆ. ಬಿಸಿ ಚಹಾ ಆರುವಷ್ಟು ಹೊತ್ತೂ ಹಿಡಿಯುವುದಿಲ್ಲ. ಒಪ್ಪದೆ ಇರಲು ನನ್ನ ಹತ್ತಿರ ಏನಿತ್ತು, ತಡವಾಗಿ ಬಂದದ್ದು ನಿಜ ಅಲ್ವಾ? ಯಾಕೆ ತಡವಾಯಿತು ಎಂದು ಹೇಳುವಷ್ಟು ಹಿಂದಿ ಬರುತ್ತಿತ್ತು, ಹೇಳುವಷ್ಟು ಧೈರ್ಯ ಇರಲಿಲ್ಲ.

ಈಗ 2000ದ ಕುಡಿತದ ವಿಷಯ. 1999ರ ಮೇ ಕೊನೆಯಿಂದ ಜುಲೈವರೆಗೆ ನಮ್ಮ ತೋಪುಗಳು ದ್ರಾಸ್ ಕಡೆ ಇದ್ದವು. ತೊಲೊಲಿಂಗ್ ಬೆಟ್ಟ ಜೂನ್ 13ಕ್ಕೆ ಕೈಗೆ ಬಂತು, ಟೈಗರ್ ಹಿಲ್ ಜುಲೈ 4ಕ್ಕೆ. ಟಿವಿಯಲ್ಲಿ ನೀವು ಬೋಫೋರ್ಸ್ ತೋಪು ಹಾರಿಸುವುದನ್ನು ನೋಡಿದಿರಿ, ನಾವು ಕಿವಿಗೆ ಹತ್ತಿ ತುರುಕಿಕೊಂಡು ಶೆಲ್ ಎತ್ತಿ ಎತ್ತಿ ಕೊಡುತ್ತಿದ್ದೆವು. ಒಂದೊಂದು ಶೆಲ್ ನಲವತ್ತು ಕಿಲೋಗಿಂತ ಜಾಸ್ತಿ, ಒಂದು ಗೊಬ್ಬರದ ಚೀಲ ಅಂದುಕೊಳ್ಳಿ. ನಾವು ಹೊಡೆದರೆ ಅವರೂ ಹೊಡೆಯುತ್ತಾರೆ. ಒಂದು ಮಧ್ಯಾಹ್ನ ನನ್ನ ಪಕ್ಕದ ಗನ್ನಿನವನು, ಅವನು ನಾನು ಒಂದೇ ತಟ್ಟೆಯಲ್ಲಿ ಉಣ್ಣುತ್ತಿದ್ದೆವು, ನೀರಿನ ಕ್ಯಾನ್ ತರಲು ಹೋದವನು ಬರಲಿಲ್ಲ. ಕ್ಯಾನ್ ಸಿಕ್ಕಿತು. ಅದಾದ ಮೇಲೆ ಒಂದು ವರ್ಷ ನನಗೆ ಸರಿಯಾಗಿ ನಿದ್ದೆ ಇಲ್ಲ. ಎರಡು ಪೆಗ್ ರಮ್ ಹೋದರೆ ಕಣ್ಣು ಮುಚ್ಚುತ್ತಿತ್ತು, ಆಮೇಲೆ ನಾಲ್ಕು. ಡಾಕ್ಟರರ ಹತ್ತಿರ ಹೋಗು ಎಂದು ಯಾರೂ ಹೇಳಲಿಲ್ಲ, ನನಗೂ ಅದು ರೋಗ ಎಂದು ಗೊತ್ತಿರಲಿಲ್ಲ. ಜಗಳದಲ್ಲಿ ಒಬ್ಬ ಹವಾಲ್ದಾರರ ಕಾಲರ್ ಹಿಡಿದೆ. ಆ ಕೆಂಪು ಎಂಟ್ರಿಗೆ ನಾನು ಯೋಗ್ಯನೇ. ಆದರೆ ಅದನ್ನು ಬರೆದ ಶೀಟಿನಲ್ಲಿ ಅದರ ಹಿಂದಿನ ವರ್ಷ ನಾನು ಎಲ್ಲಿದ್ದೆ ಎಂದು ಬರೆಯಲು ಕಾಲಮ್ಮು ಇರಲಿಲ್ಲ.

2022ರವರೆಗೂ ನಾನು ಇದನ್ನೆಲ್ಲ ಹಣೆಬರಹ ಎಂದು ಬಿಟ್ಟುಬಿಟ್ಟಿದ್ದೆ. ಆ ವರ್ಷ ಊರ ಜಾತ್ರೆಗೆ ನಮ್ಮ ಓಣಿಯ ಹುಡುಗ ಬಂದಿದ್ದ, ಧಾರವಾಡದ ಹೈಕೋರ್ಟ್ ಪೀಠದಲ್ಲಿ ವಕೀಲಿಕೆ ಮಾಡುತ್ತಾನೆ. ಮಾತಿಗೆ ಮಾತು ಬಂದು ಬುಕ್ಕು ತೋರಿಸಿದೆ. ಕಟ್ಟೆಯ ಮೇಲೆ ಕೂತು ಪುಟ ತಿರುಗಿಸಿದ. ಮತ್ತೆ ತಿರುಗಿಸಿದ. "ಕಾಕಾ, ಇದರ ಕನ್ನಡದ ಕಾಗದ ಎಲ್ಲೈತ್ರಿ?"

ನನಗೆ ನಗು ಬಂತು. ಮಿಲಿಟರಿ ಕಾಗದ ಕನ್ನಡದಲ್ಲಿ ಎಲ್ಲಿಂದ ಬರಬೇಕು?

ಆಗ ಅವನು ಮೊಬೈಲಿನಲ್ಲಿ 1950ರ ಸೇನಾ ಕಾಯ್ದೆಯ 23ನೇ ಸೆಕ್ಷನ್ ತೆಗೆದು ಓದಿ ಕನ್ನಡದಲ್ಲಿ ಹೇಳಿದ. ಸೇವೆಯಿಂದ ಬಿಡುಗಡೆ ಆಗುವ, ವಜಾ ಆಗುವ, ನಿವೃತ್ತಿ ಆಗುವ ಪ್ರತಿ ಸಿಪಾಯಿಗೂ ಅವನ ಕಮಾಂಡಿಂಗ್ ಆಫೀಸರ್ ಒಂದು ಸರ್ಟಿಫಿಕೇಟ್ ಕೊಡಬೇಕು. ಅದು ಇಂಗ್ಲಿಷಿನಲ್ಲೂ ಇರಬೇಕು, ಆ ಸಿಪಾಯಿಯ ಮಾತೃಭಾಷೆಯಲ್ಲೂ ಇರಬೇಕು. ಅದರಲ್ಲಿ ಮೂರು ಮಾತು ಇರಬೇಕು: ಯಾರ ಅಧಿಕಾರದಿಂದ ಸೇವೆ ಮುಗಿಯಿತು, ಯಾವ ಕಾರಣಕ್ಕೆ ಮುಗಿಯಿತು, ಒಟ್ಟು ಎಷ್ಟು ಕಾಲ ಸೇವೆ ಆಯಿತು.

ಮಾತೃಭಾಷೆಯಲ್ಲಿ! ಕಾಯ್ದೆ ಹುಟ್ಟಿದ ವರ್ಷದಿಂದ ಇದೆ ಈ ಮಾತು. ಗಣರಾಜ್ಯದಷ್ಟೇ ಹಳೆಯದು. ನನ್ನ ಪರಿಚಯದಲ್ಲಿ, ಹಾವೇರಿ ಗದಗ ಧಾರವಾಡ ಸೇರಿಸಿ, ನಲವತ್ತು ಐವತ್ತು ಜನ ರಿಟೈರ್ ಆದವರಿದ್ದಾರೆ, ಪೆನ್ಶನ್ ತಗೊಳ್ಳುವವರು, ಗೌರವದಿಂದ ಬಂದವರು. ಒಬ್ಬೊಬ್ಬರನ್ನೇ ಕೇಳಿದೆ. ಕನ್ನಡದ ಸರ್ಟಿಫಿಕೇಟ್ ನೋಡಿದವರು ಒಬ್ಬರೂ ಸಿಗಲಿಲ್ಲ. ಅವರಿಗೆ ಅದರ ಅಗತ್ಯ ಬೀಳಲಿಲ್ಲ, ಬಿಡಿ. ನನ್ನಂಥವನಿಗೆ ಅದೇ ಎಲ್ಲ. 2006ರಲ್ಲಿ ಒಂದು ಹಾಳೆಯಲ್ಲಿ 'ಶಿಸ್ತು ತಪ್ಪಿದ ಕಾರಣ ಹೊರಗೆ ಹಾಕಲಾಗಿದೆ' ಎಂದು ಕನ್ನಡದಲ್ಲಿ ಬರೆದು ಕೊಟ್ಟಿದ್ದರೆ ನಾನು ಅವತ್ತೇ ಹಾವೇರಿಯ ಯಾವುದಾದರೂ ವಕೀಲರ ಬಾಗಿಲು ಬಡಿಯುತ್ತಿದ್ದೆ. 'ಇನ್ನು ಬೇಕಾಗಿಲ್ಲ' ಎಂದು ಓದಿಕೊಂಡು ಎಂಟು ತಿಂಗಳು ಸುಮ್ನೆ ಹೊಲ ಹರಗುತ್ತಾ ಕೂರುತ್ತಿರಲಿಲ್ಲ.

ಯಾಕೆ ಎಂಟು ತಿಂಗಳ ಮಾತು ಪದೇ ಪದೇ ಎತ್ತುತ್ತೇನೆ ಎಂದರೆ, ಇಂಥ ಕೇಸಿನಲ್ಲಿ ದಿನ ಎಣಿಸುತ್ತಾರೆ. ಸೈನಿಕರ ಕೇಸಿಗೆಂದೇ 2007ರಲ್ಲಿ ಕಾಯ್ದೆ ಮಾಡಿ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ತಂದರು, ಅದು 2009ರಲ್ಲಿ ಕೆಲಸ ಶುರು ಮಾಡಿತು. ಅಂತಿಮ ಆದೇಶ ಬಂದ ಆರು ತಿಂಗಳೊಳಗೆ ಅಲ್ಲಿಗೆ ಅರ್ಜಿ ಹಾಕಬೇಕು. ಮೀರಿದರೆ ತಡ ಯಾಕಾಯಿತು ಎಂದು ಬೇರೆ ಅರ್ಜಿ ಬರೆದು ಒಪ್ಪಿಸಬೇಕು. ನನ್ನ ಕಾಲಕ್ಕೆ ಆ ನ್ಯಾಯಮಂಡಳಿಯೇ ಇರಲಿಲ್ಲ, ಹೈಕೋರ್ಟಿಗೆ ಬೆಂಗಳೂರಿಗೆ ಹೋಗಬೇಕಿತ್ತು. ಆದರೂ ದಿನ ಎಣಿಸುವಾಗ ನನ್ನ ಹದಿನಾರು ವರ್ಷವನ್ನೂ ಎಣಿಸುತ್ತಾರೆ.

ಆ ಹುಡುಗ ಇನ್ನೂ ಎರಡು ವಿಷಯ ಹೇಳಿದ. ಕೇಳಿ ಆ ರಾತ್ರಿ ನನಗೆ ಊಟ ಸೇರಲಿಲ್ಲ. ಒಂದು, 1988ರ ಡಿಸೆಂಬರ್ 28ರಂದು ಸೇನಾ ಮುಖ್ಯ ಕಚೇರಿಯೇ ಎಲ್ಲ ಕಡೆ ಒಂದು ಪತ್ರ ಕಳಿಸಿದೆ. ನಾಲ್ಕು ಕೆಂಪು ಎಂಟ್ರಿ ಆದ ತಕ್ಷಣ ಡಿಸ್ಚಾರ್ಜ್ ಮಾಡಲೇಬೇಕು ಎಂದೇನೂ ಇಲ್ಲ. ಪ್ರತಿ ಎಂಟ್ರಿ ಯಾವ ತಪ್ಪಿಗೆ ಬಂತು ನೋಡಿ. ಪೆನ್ಶನ್ ಹತ್ತಿರ ಬಂದವನ ಮೇಲೆ ಕಠಿಣ ಆಗಬೇಡಿ. ಎಷ್ಟು ವರ್ಷ ದುಡಿದ, ಎಂಥ ಕಷ್ಟದ ಜಾಗದಲ್ಲಿ ಇದ್ದ, ಅದನ್ನೂ ತೂಗಿ. ಮೊದಲು ನಿಷ್ಪಕ್ಷಪಾತ ವಿಚಾರಣೆ ಮಾಡಿ, ನೋಟಿಸ್ ಕೊಡಿ, ಅವನ ಉತ್ತರ ಕೇಳಿ. ಇಷ್ಟು ಒಳ್ಳೆಯ ಮಾತನ್ನು ಬರೆದವರು ಹೊರಗಿನವರಲ್ಲ, ಸೇನೆಯವರೇ. ನಾನು ಸೇರುವ ಐದು ವರ್ಷ ಮುಂಚೆಯೇ ಬರೆದಿಟ್ಟಿದ್ದರು. ಎರಡನೆಯದು, 2015ರಲ್ಲಿ ವೀರೇಂದ್ರ ಕುಮಾರ್ ದುಬೆ ಎಂಬವರ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಈ ಪತ್ರವನ್ನೇ ಹಿಡಿದು, ಬರೀ ನಾಲ್ಕು ಕೆಂಪು ಎಂಟ್ರಿ ಎಣಿಸಿ ಮನೆಗೆ ಕಳಿಸುವುದು ನಡೆಯುವುದಿಲ್ಲ ಎಂದಿತು. ಪೆನ್ಶನ್ನಿಗೆ ಬೇಕಾದ ವರ್ಷ ತುಂಬುವವರೆಗೆ ಅವರು ಸೇವೆಯಲ್ಲಿದ್ದರು ಎಂದೇ ಲೆಕ್ಕ ಹಿಡಿಯಿರಿ ಎಂದು ಆದೇಶ ಮಾಡಿತು. ಹಿಂದಿನ ಪಗಾರ ಇಲ್ಲ, ಪೆನ್ಶನ್ ಉಂಟು. ಮರುವರ್ಷ ಇನ್ನೊಂದು ಕೇಸಿನಲ್ಲೂ ಅದನ್ನೇ ಹೇಳಿತು. 2015ರಲ್ಲಿ ನಾನು ಏನು ಮಾಡುತ್ತಿದ್ದೆ? ಇದೇ ಗೋಡೌನಿನಲ್ಲಿ ಲಾರಿ ನಂಬರ್ ಬರೆಯುತ್ತಿದ್ದೆ.

ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಇಟ್ಟು ಆರ್‌ಟಿಐ ಹಾಕಿದೆವು. ಕಾಗದ ಬಂದವು. ನೋಟಿಸಿಗೆ ನನ್ನ ಉತ್ತರ ಎಂದು ಒಂದು ಹಾಳೆ ಇತ್ತು, ಹಿಂದಿಯಲ್ಲಿ, ಚಂದದ ಅಕ್ಷರ. ಕೆಳಗಿನ ಸಹಿ ನನ್ನದೇ. ಬರಹ ನನ್ನದಲ್ಲ. ಅಷ್ಟು ಚಂದ ಹಿಂದಿ ನಾನು ಇವತ್ತಿಗೂ ಬರೆಯಲಾರೆ. ಅದರ ಮೇಲೆ ನ್ಯಾಯಮಂಡಳಿಗೆ ಅರ್ಜಿ ಹಾಕಿದ್ದೇವೆ. ಕೇಸ್ ನಡೆಯುತ್ತಿದೆ, ಈ ಬಗ್ಗೆ ಇದಕ್ಕಿಂತ ಜಾಸ್ತಿ ಹೇಳುವುದು ಸರಿಯಲ್ಲ. ಒಂದು ಮಾತು ಮಾತ್ರ ನನ್ನಂಥವರ ಕಿವಿಗೆ ಬೀಳಲಿ: ಪೆನ್ಶನ್ ಇಲ್ಲದ ಸಿಪಾಯಿಯ ಸರ್ವಿಸ್ ದಾಖಲೆಗಳನ್ನು 25 ವರ್ಷ ಇಟ್ಟು ಆಮೇಲೆ ನಾಶ ಮಾಡುವ ನಿಯಮ ಇದೆ. 2000ದ ಆಸುಪಾಸಿನಲ್ಲಿ ಮನೆಗೆ ಬಂದವರು ಯಾರಾದರೂ ಇದ್ದರೆ ಈ ಪತ್ರ ಓದಿ ಮುಗಿಸುವ ಮೊದಲೇ ಆರ್‌ಟಿಐ ಬರೆಯಲಿ. ಕಾಗದ ಹೋದರೆ ಬಾಯಿ ಹೋದ ಹಾಗೆ.

ಈಗ ಕೊಚ್ಚಿಯ ಮಾತು. ಕರ್ನಾಟಕದ ಸೈನಿಕರ ಕೇಸು ಸೇರುವುದು ನ್ಯಾಯಮಂಡಳಿಯ ಕೊಚ್ಚಿ ಪೀಠಕ್ಕೆ. ಕೇರಳ, ಕರ್ನಾಟಕ, ಲಕ್ಷದ್ವೀಪ ಮೂರೂ ಅದರ ಪಾಲಿಗೆ. ಪೀಠದವರ ಮೇಲೆ ನನ್ನ ದೂರಿಲ್ಲ. ದಾರಿಯ ಮೇಲೆ ದೂರು. ಬ್ಯಾಡಗಿಯಿಂದ ಬೆಂಗಳೂರು, ಬೆಂಗಳೂರಿನಿಂದ ಎರ್ನಾಕುಲಂ. ಹೋಗಲು ಒಂದು ರಾತ್ರಿ ಒಂದು ಹಗಲು, ಬರಲು ಅಷ್ಟೇ, ನಡುವೆ ಲಾಡ್ಜ್ ಖರ್ಚು, ನಾಲ್ಕು ದಿನದ ಕೂಲಿ ಹೋಯಿತು. ಜಗತ್ತಿನ ಉದ್ದದ ರೈಲ್ವೆ ಪ್ಲಾಟ್‌ಫಾರ್ಮ್ ನಮ್ಮ ಹುಬ್ಬಳ್ಳಿಯಲ್ಲಿದೆ, 1507 ಮೀಟರ್, ನಮಗೆಲ್ಲ ಹೆಮ್ಮೆ. ಅದರ ಈ ತುದಿಯಿಂದ ಆ ತುದಿಗೆ ನಡೆದರೂ ಕೊಚ್ಚಿ ಹತ್ತಿರ ಆಗುವುದಿಲ್ಲ. ಅದೇ ಹುಬ್ಬಳ್ಳಿ ಪಕ್ಕ ಧಾರವಾಡದಲ್ಲಿ ಹೈಕೋರ್ಟಿನ ಪೀಠ ಇದೆ. 2008ರಲ್ಲಿ ಸಂಚಾರಿ ಪೀಠವಾಗಿ ಬಂತು, 2013ರಲ್ಲಿ ಕಾಯಂ ಆಯಿತು. ಅದಕ್ಕಾಗಿ ಈ ಭಾಗದ ವಕೀಲರು ಎಷ್ಟು ವರ್ಷ ಬೀದಿಗೆ ಇಳಿದಿದ್ದರು ಎಂದು ನಿಮ್ಮ ಹಳೆಯ ಸಂಚಿಕೆ ತೆಗೆದರೆ ಗೊತ್ತಾಗುತ್ತದೆ. ನ್ಯಾಯಮಂಡಳಿ ಎಲ್ಲೆಲ್ಲಿ ಕೂರಬೇಕು ಎಂದು ತೀರ್ಮಾನ ಮಾಡುವುದು ಕೇಂದ್ರ ಸರ್ಕಾರ, ಒಂದು ಅಧಿಸೂಚನೆ ಸಾಕು. ವರ್ಷಕ್ಕೆ ಎರಡು ವಾರ ಧಾರವಾಡದಲ್ಲಿ ಕೂತರೆ ಬೆಳಗಾವಿಯಿಂದ ಹಾವೇರಿವರೆಗಿನ ಎಷ್ಟು ಸಿಪಾಯಿಗಳ ಬಸ್ ಚಾರ್ಜು ಉಳಿಯುತ್ತದೆ! ಈ ಭಾಗದ ಎಷ್ಟು ಹಳ್ಳಿಗಳಲ್ಲಿ ಮನೆಗೊಬ್ಬ ಮಿಲಿಟರಿಯವನು ಇದ್ದಾನೆ ಎಂದು ನಮ್ಮ ಸಂಸದರಿಗೆ ನಾನು ಹೇಳಿಕೊಡಬೇಕಾ?

ಅಮೆರಿಕದ ಉದಾಹರಣೆ ಕೊಟ್ಟರೆ ಕೆಲವರಿಗೆ ಸಿಟ್ಟು ಬರುತ್ತದೆ, ಆದರೂ ಕೊಡುತ್ತೇನೆ. ಅಲ್ಲಿ ಸಿಪಾಯಿ ಹೊರಗೆ ಬರುವಾಗ ಕಾಗದದ ಮೇಲೆ ದರ್ಜೆ ಹಾಕುತ್ತಾರೆ, ಗೌರವದ ಡಿಸ್ಚಾರ್ಜ್, ಅದಕ್ಕಿಂತ ಕೆಳಗಿನದು, ಇನ್ನೂ ಕೆಳಗಿನದು ಎಂದು. ಕೆಟ್ಟ ದರ್ಜೆ ಬಿದ್ದವನು ಅದನ್ನು ಮೇಲಕ್ಕೆ ಏರಿಸಿ ಎಂದು ಕೇಳಲಿಕ್ಕೆಂದೇ ಬೋರ್ಡ್ ಇದೆ. ಕೋರ್ಟ್ ಅಲ್ಲ, ಬೋರ್ಡ್. ಒಂದು ಫಾರಂ ತುಂಬಬೇಕು, ವಕೀಲ ಬೇಕೇ ಬೇಕು ಎಂದಿಲ್ಲ. ಅವಧಿ ಎಷ್ಟು ಗೊತ್ತಾ? 15 ವರ್ಷ. ಅದೂ ಮೀರಿದರೆ ದಾಖಲೆ ತಿದ್ದುವ ಇನ್ನೊಂದು ಬೋರ್ಡ್. ದೊಡ್ಡ ಕೋರ್ಟ್ ಮಾರ್ಷಲ್ ಆಗಿ ಬಂದವನಿಗೆ ಮೊದಲ ಬೋರ್ಡಿನ ಬಾಗಿಲು ಇಲ್ಲ, ಅದು ಸರಿಯೇ. 2014ರಲ್ಲಿ ಅವರ ರಕ್ಷಣಾ ಮಂತ್ರಿ ಚಕ್ ಹೇಗಲ್ ಒಂದು ಸೂಚನೆ ಹೊರಡಿಸಿದರು. ಯುದ್ಧದಿಂದ ಬಂದು ಮನಸ್ಸು ಕೆಟ್ಟು, ಕುಡಿದು, ಓಡಿಹೋಗಿ, ಕೆಟ್ಟ ಕಾಗದ ಹಿಡಿದು ಮನೆಗೆ ಹೋದವರ ಅರ್ಜಿಯನ್ನು ಉದಾರವಾಗಿ ನೋಡಿ ಎಂದು. ವಿಯೆಟ್ನಾಂ ಯುದ್ಧದ ಕಾಲದ ಮುದುಕರಿಗಾಗಿ, ನಲವತ್ತು ವರ್ಷ ಆದ ಮೇಲೆ. ಇದನ್ನು ವಕೀಲ ಹುಡುಗ ಓದಿ ಹೇಳಿದಾಗ ನಾನು ನೀರಿನ ಕ್ಯಾನಿನ ಗೆಳೆಯನನ್ನು ನೆನೆಸಿಕೊಂಡೆ. ಅವರ ಯುದ್ಧಗಳ ಬಗ್ಗೆ ನನಗೆ ಗೌರವ ಇಲ್ಲ, ಅದು ಬೇರೆ ಮಾತು. ಈ ಬೋರ್ಡು ಮಾತ್ರ ನಮ್ಮಲ್ಲೂ ಇದ್ದರೆ ಏನು ಕೆಟ್ಟದ್ದು?

ಶಿಸ್ತು ಹಾಳಾಗುತ್ತದೆ ಎಂದು ನನ್ನ ಜೊತೆಯ ರಿಟೈರ್ಡ್ ಸುಬೇದಾರ್ ಒಬ್ಬರು ವಾದ ಮಾಡಿದರು. ರಜೆ ಮೀರಿದವನನ್ನೆಲ್ಲ ಮುದ್ದು ಮಾಡಿದರೆ ಗನ್ನಿನ ಹತ್ತಿರ ನಿಲ್ಲುವವರು ಯಾರು ಎಂದರು. ಮಾತಿನಲ್ಲಿ ಹುರುಳಿದೆ. ಬ್ಯಾರಕ್ಕಿನಲ್ಲಿ ಜೊತೆಯವನ ಟ್ರಂಕು ಒಡೆದು ಕದ್ದವನನ್ನು ಹೊರಗೆ ಹಾಕಿದ್ದನ್ನು ನಾನು ನೋಡಿದ್ದೇನೆ, ಖುಷಿಯಾಗಿತ್ತು. ಅವನ ಕಾಗದ ತಿದ್ದಿ ಎಂದು ನಾನು ಕೇಳುತ್ತಿಲ್ಲ. ನನ್ನನ್ನು ವಾಪಸ್ ಗನ್ನಿಗೆ ನಿಲ್ಲಿಸಿ ಎಂದೂ ಕೇಳುತ್ತಿಲ್ಲ, ಈಗ ನನ್ನ ಮೊಣಕಾಲು ಗೋಡೌನಿನ ಮೆಟ್ಟಿಲಿಗೇ ಸಾಕು ಎನ್ನುತ್ತದೆ. ತಪ್ಪಿಗೆ ಶಿಕ್ಷೆ ಆಗ ಆಗಿಯೇ ಇತ್ತು, ಒಂದೊಂದಕ್ಕೂ ಒಂದೊಂದು ಸಲ, ಕ್ವಾರ್ಟರ್ ಗಾರ್ಡಿನಲ್ಲಿ, ಅಂದರೆ ಯೂನಿಟ್ಟಿನ ಲಾಕಪ್ಪಿನಲ್ಲಿ. ಆಮೇಲೆ ನಾಲ್ಕನ್ನೂ ಕೂಡಿಸಿ ಐದನೆಯದು ಕೊಟ್ಟರು. ಅದಕ್ಕೆ ಮುಂಚೆ 1988ರ ಪತ್ರ ಹೇಳಿದಂತೆ ತೂಗಿದರಾ ಎಂಬುದಷ್ಟೇ ನನ್ನ ಪ್ರಶ್ನೆ.

2016ರ ಫೆಬ್ರವರಿ ನಿಮಗೆ ನೆನಪಿರಬೇಕು. ಕುಂದಗೋಳ ತಾಲ್ಲೂಕು ಬೆಟದೂರಿನ ಹನುಮಂತಪ್ಪ ಕೊಪ್ಪದ ಸಿಯಾಚಿನ್‌ನಲ್ಲಿ ಆರು ದಿನ ಹಿಮದ ಅಡಿ ಜೀವ ಹಿಡಿದಿದ್ದರು, 11ನೇ ತಾರೀಖು ದೆಹಲಿಯಲ್ಲಿ ತೀರಿಕೊಂಡರು. ಹುಬ್ಬಳ್ಳಿಗೆ ತಂದಾಗ ನಾನೂ ಹೋಗಿದ್ದೆ, ಗೋಡೌನಿನ ಡ್ಯೂಟಿ ಮುಗಿಸಿ ಹಂಗೇ ಬಸ್ ಹತ್ತಿ. ಮೆಡಲ್ ಹಾಕಿಕೊಂಡ ಮಾಜಿ ಸೈನಿಕರ ಒಂದು ಗುಂಪು ನಿಂತಿತ್ತು. ನನ್ನದೂ ಕಾರ್ಗಿಲ್ ಯುದ್ಧದ ಆಪರೇಷನ್ ವಿಜಯ್ ಮೆಡಲ್ ಅಂಗಿಯ ಜೇಬಿನಲ್ಲಿತ್ತು, ಮನೆ ಬಿಡುವಾಗ ಯಾಕೋ ಹಾಕಿಕೊಂಡು ಬಂದಿದ್ದೆ. ಜೇಬಿನಲ್ಲೇ ಬೆರಳಿನಿಂದ ಅದರ ಅಂಚು ತಿಕ್ಕುತ್ತಾ ಜನರ ಸಾಲಿನಲ್ಲಿ ಹೋಗಿ ಸೆಲ್ಯೂಟ್ ಹೊಡೆದೆ. ನನ್ನ ಹಿಂದಿದ್ದ ಹೆಣ್ಣುಮಗಳು "ಅಣ್ಣಾ, ನೀವೂ ಮಿಲ್ಟ್ರಿನಾ?" ಎಂದು ಕೇಳಿದಳು. ಸೆಲ್ಯೂಟ್ ನೋಡಿ ಗೊತ್ತಾಯಿತಂತೆ. ಇಲ್ಲವ್ವಾ ಎಂದೆ.

ನನ್ನದು ಹೆಂಗೋ ಆಗುತ್ತದೆ. ಬೆಳಿಗ್ಗೆ ಐದಕ್ಕೆ ಡ್ಯೂಟಿ ಮುಗಿಸಿ ಸೈಕಲ್ ಮೇಲೆ ಬರುವಾಗ ರಸ್ತೆಯಲ್ಲಿ ಹುಡುಗರು ಓಡುತ್ತಿರುತ್ತಾರೆ, ಭರ್ತಿ ರ‍್ಯಾಲಿಗೆ ತಯಾರಿ. ಅಗ್ನಿವೀರರು. ನಾಲ್ಕು ವರ್ಷಕ್ಕೆ ನೂರರಲ್ಲಿ ಹೆಚ್ಚೆಂದರೆ 25 ಜನ ಉಳಿದು ಮಿಕ್ಕವರು ಕಾಗದ ಹಿಡಿದು ಊರಿಗೆ ಬರುತ್ತಾರೆ. ಅವರಿಗೆ ಪೆನ್ಶನ್ ಮೊದಲೇ ಇಲ್ಲ. ಆ ಕಾಗದದಲ್ಲಿ ಏನು ಬರೆದಿದೆ ಎಂದಾದರೂ ಅವರ ಅವ್ವಂದಿರಿಗೆ ಓದಲು ಬರುವ ಭಾಷೆಯಲ್ಲಿ ಇರಲಿ. ಇದಕ್ಕೆ ಹೊಸ ಕಾನೂನು ಬೇಡ, ಬಜೆಟ್ ಬೇಡ. ಇರುವ 23ನೇ ಸೆಕ್ಷನ್ ಪಾಲಿಸಿದರೆ ಸಾಕು. ಅದರ ಕೆಳಗೇ ಇನ್ನೊಂದು ಸಾಲು ಸೇರಿಸಲಿ: ನಿಮಗೆ ಒಪ್ಪಿಗೆ ಇಲ್ಲದಿದ್ದರೆ ಇಷ್ಟು ದಿನದೊಳಗೆ ಇಂಥ ಕಡೆ ಅರ್ಜಿ ಹಾಕಿ. ಕರೆಂಟ್ ಬಿಲ್ಲಿನಲ್ಲಿ ಕೂಡ ದೂರು ಕೊಡುವ ನಂಬರ್ ಇರುತ್ತದೆ, ಹದಿಮೂರು ವರ್ಷದ ಸರ್ವಿಸ್ ಮುಗಿಸುವ ಕಾಗದದಲ್ಲಿ ಇರಬಾರದಾ? ಮತ್ತೆ ಜಿಲ್ಲೆಗಳಲ್ಲಿ ಮಾಜಿ ಸೈನಿಕರಿಗಾಗಿ ಇರುವ ಕಚೇರಿಗಳು ವಾರದಲ್ಲಿ ಒಂದು ದಿನ ಕಾರ್ಡ್ ಇಲ್ಲದವರನ್ನೂ ಕೂರಿಸಿಕೊಂಡು ಬುಕ್ಕು ಓದಿ ಹೇಳಲಿ. ಈಗ ಆಗುತ್ತಿರುವುದು ಏನೆಂದರೆ, ಒಳಗೆ ಹೋಗಲು ಕಾರ್ಡ್ ಬೇಕು, ಕಾರ್ಡ್ ಯಾಕಿಲ್ಲ ಎಂದು ಕೇಳಲು ಒಳಗೆ ಹೋಗಬೇಕು.

ನನ್ನ ಅರ್ಜಿಗೆ ಮುಂದಿನ ತಾರೀಖು ಬಂದಿದೆ. ಮಾಲೀಕರು ನಾಲ್ಕು ದಿನ ರಜೆ ಕೊಟ್ಟಿದ್ದಾರೆ, ಈ ಸಲ ಒಂದು ದಿನವೂ ಮೀರುವುದಿಲ್ಲ ಎಂದು ಹೇಳಿ ಬಂದಿದ್ದೇನೆ.

ಪತ್ರ ಹಾಕುವುದಾದರೆ ಹೆಸರು ಕೈಬಿಡಿ. ತಾಲ್ಲೂಕು ಬೇಕಾದರೆ ಹಾಕಿ. ಮಗಳನ್ನು ಕೊಟ್ಟ ಮನೆಯವರು ನನಗೆ ಪೆನ್ಶನ್ ಬರುತ್ತದೆ ಎಂದೇ ತಿಳಿದಿದ್ದಾರೆ.

ಇಂತಿ,
ಮಾಜಿ ಗನ್ನರ್, ಬ್ಯಾಡಗಿ ತಾಲ್ಲೂಕು, ಹಾವೇರಿ ಜಿಲ್ಲೆ